ಬೇಳೆಯಷ್ಟು ಜಾಗ

ಸೆಪ್ಟೆಂಬರ್ ಕೊನೆಯ ಒಂದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಇನ್ನೂ ಅರ್ಧ ಗಂಟೆ ಇರುವಾಗ, ಹಗ್ಗ ನೋಡುವ ಬೊಂದೊ ಅಜ್ಜ ರೋಪ್‌ವೇ ಕಚೇರಿಯ ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಒಳಗೆ ಬಂದ. ಎರಡೂ ಕೈಗೆ ಗ್ರೀಸು ಮೆತ್ತಿತ್ತು. ಬೆರಳುದ್ದದ ಒಂದು ತಂತಿಯ ತುಂಡನ್ನು ಲಮಾರಾಳ ಮುಂದೆ ಹರಡಿದ್ದ ನಕ್ಷೆಯ ಮೇಲೆಯೇ ಇಟ್ಟ.

"ಅಯ್ಯೋ ಅಜ್ಜಾ, ನಾಳೆ ಕಳಿಸಬೇಕಾದ ನಕ್ಷೆ ಅದು!"

"ಕಳಿಸೋದು ಹಾಗಿರ್ಲಿ ಮಗಳೇ, ಮೊದ್ಲು ಇದನ್ನ ನೋಡು. ಕೆಳಗಿನ ಸ್ಟೇಷನ್ನಿಂದ ನಲವತ್ತು ಹೆಜ್ಜೆ. ಒಂದೇ ಗೇಣಲ್ಲಿ ಮೂರು ತಂತಿ ಹೋಗಿದೆ."

"ಮೂರಾ?"

"ಮೂರು. ಹದಿಮೂರು ವರ್ಷದಲ್ಲಿ ಇಡೀ ಹಗ್ಗದಲ್ಲಿ ನಾನು ಕಂಡಿದ್ದು ಐದು. ಈಗ ಗೇಣಿಗೆ ಮೂರು. ಇದಕ್ಕೇನಂತೀಯ?"

ಲಮಾರಾ ಬಕ್ರಾದ್ಜೆ ತಂತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು.

ಕ್ವಾರೆತಿ ಮ್ಯಾಂಗನೀಸ್ ಗಣಿಯ ಊರು. ನಡುವೆ ಕಪ್ಪು ನೀರಿನ ಹೊಳೆ, ಎರಡು ಕಡೆಗೂ ನೆಟ್ಟಗೆ ನಿಂತ ಬಂಡೆ. ಮನೆ, ಶಾಲೆ, ಅಂಗಡಿ ಎಲ್ಲ ಕೆಳಗೆ. ಗಣಿಯ ಬಾಯಿಗಳು ಮತ್ತು ಅದಿರು ಆರಿಸುವ ಕಟ್ಟೆಗಳು ಬಂಡೆಯ ನೆತ್ತಿಯಲ್ಲಿ. ಕೆಳಗಿನಿಂದ ಮೇಲಕ್ಕೆ ಜನ ಹೋಗುವುದು ಉಕ್ಕಿನ ಹಗ್ಗದ ಮೇಲೆ ಉರುಳುವ ನಾಲ್ಕು ಚಕ್ರಗಳಿಗೆ ನೇತುಹಾಕಿದ ತಗಡಿನ ಡಬ್ಬಿಯಲ್ಲಿ. ಊರವರು ಅದನ್ನು ಡಬ್ಬಿ ಅಂತಲೇ ಕರೆಯುತ್ತಾರೆ. ಡಬ್ಬಿ ಬೇಡವೆಂದರೆ ಬಂಡೆಯಲ್ಲಿ ಕಡಿದ ಏಳುನೂರು ಮೆಟ್ಟಿಲಿದೆ.

ಲಮಾರಾ ಈ ಊರಲ್ಲೇ ಹುಟ್ಟಿದವಳು. ತಾಯಿ ಅದಿರಿನ ಕಟ್ಟೆಯಲ್ಲಿ ಕೆಲಸಕ್ಕಿದ್ದಳು. ರಾಜಧಾನಿ ತ್ಬಿಲಿಸಿಯಲ್ಲಿ ಐದು ವರ್ಷ ಓದಿ ಎಂಜಿನಿಯರ್ ಆಗಿ ಹಿಂದಿರುಗಿದ ಲಮಾರಾ ಎರಡು ವರ್ಷದ ಕೆಳಗೆ ಒಂದು ಕೆಲಸ ಮಾಡಿದ್ದಳು. ಡಬ್ಬಿಯ ಹಳೆಯ ದೊಡ್ಡ ಚಕ್ರಗಳನ್ನು ತೆಗೆಸಿ, ಅದಕ್ಕಿಂತ ಗಟ್ಟಿ ಉಕ್ಕಿನ ಚಿಕ್ಕ ಚಕ್ರಗಳನ್ನು ಹಾಕಿಸಿದ್ದಳು. ಚಕ್ರದ ಜೋಡಣೆಯಲ್ಲಿ ಉಳಿದ ತೂಕಕ್ಕೆ ಸರಿಯಾಗಿ ಒಂದು ಸಲಕ್ಕೆ ಇಬ್ಬರು ಹೆಚ್ಚು ಹತ್ತಬಹುದಾಯಿತು. ಹಗ್ಗದ ಮೇಲಿನ ಒಟ್ಟು ಭಾರ ಒಂದು ಕಿಲೋ ಕೂಡ ಏರಲಿಲ್ಲ. ಗಣಿಗಳನ್ನು ನಡೆಸುವ ಇಡೀ ಸರ್ಕಾರಿ ಟ್ರಸ್ಟಿನಲ್ಲಿ ಅದು ದೊಡ್ಡ ಸುದ್ದಿಯಾಯಿತು. 'ಲಮಾರಾ ಚಕ್ರ' ಅನ್ನುವ ಹೆಸರೇ ಬಿತ್ತು. ಅವಳ ಫೋಟೋ ಕಚೇರಿಯ ಗೋಡೆಗೆ ಏರಿತು. ಬರುವ ಶುಕ್ರವಾರ ರಾಜಧಾನಿಯಿಂದ ಸಮಿತಿಯೊಂದು ಬಂದು, ಅತ್ಯುತ್ತಮ ಕೆಲಸಕ್ಕೆ ಕೊಡುವ ಗೌರವದ ಬಾವುಟವನ್ನು ರೋಪ್‌ವೇಗೆ ಕೊಡುವುದಿತ್ತು.

"ಅಜ್ಜಾ, ಇದು ಎಳೆತಕ್ಕೆ ಹರಿದ ತಂತಿ ಅಲ್ಲ," ಅಂದಳು ಲಮಾರಾ.

"ಹಾಗಂದ್ರೆ?"

"ಎಳೆದು ಹರಿದಿದ್ರೆ ತುದಿ ಸಣ್ಣ ಆಗಿರಬೇಕಿತ್ತು, ಹಿಟ್ಟನ್ನ ಎಳೆದ ಹಾಗೆ. ಇದು ನೋಡು, ಚಾಕುವಲ್ಲಿ ಕೊಯ್ದ ಹಾಗಿದೆ. ಪಕ್ಕದಿಂದ ಬಿರುಕು ಬಿಟ್ಟಿದೆ. ಭಾರ ಎಳೀತಾ ಇಲ್ಲ ಅಜ್ಜಾ, ಚಕ್ರ ಚುಚ್ಚುತಾ ಇದೆ."

ಹಾಗೆ ಹೇಳುತ್ತಿದ್ದಂತೆಯೇ ಅವಳಿಗೆ ಒಂದು ಅಂಕಿ ನೆನಪಾಯಿತು.

ಚಕ್ರದ ಅಂಚಿನಲ್ಲಿ ಹಗ್ಗ ಕೂರಲು ಒಂದು ತೋಡು ಇರುತ್ತದೆ. ಆ ತೋಡಿನ ಬಾಗು ಹಗ್ಗದ ದುಂಡಿಗೆ ಹೊಂದಬೇಕು. ಅಂಗೈಯಲ್ಲಿ ಮೊಟ್ಟೆ ಹಿಡಿದಂತೆ ಚಕ್ರ ಹಗ್ಗವನ್ನು ಅಪ್ಪಿಕೊಂಡರೆ ಭಾರ ಅಗಲಕ್ಕೆ ಹರಡುತ್ತದೆ. ತೋಡು ಹಗ್ಗಕ್ಕಿಂತ ಅಗಲವಾದರೆ ಹಗ್ಗ ಅದರ ತಳಕ್ಕೆ ಮಾತ್ರ ತಾಕಿ, ಭಾರವೆಲ್ಲ ಅಲ್ಲೇ ಕೂರುತ್ತದೆ. ಅವಳ ಮೊದಲ ನಕ್ಷೆಯಲ್ಲಿ ತೋಡಿನ ಬಾಗು ಇಪ್ಪತ್ತನಾಲ್ಕು ಮಿಲಿಮೀಟರ್ ಇತ್ತು. ಆಮೇಲೆ ಒಂದು ದಿನ ಲೇತ್ ಹಿಡಿಯುವ ಗೆರಾಸಿಮೆ ಬಂದು, ಹೊಳೆಯಾಚೆಯ ಲೈನಿನ ಹಗ್ಗ ಇದಕ್ಕಿಂತ ದಪ್ಪ, ಎರಡಕ್ಕೂ ಒಂದೇ ಚಕ್ರ ಆಗುವ ಹಾಗೆ ಅಳತೆ ಕೊಡಮ್ಮಾ, ಪ್ರತಿ ಸಲ ಲೇತ್ ಬದಲಾಯಿಸೋದು ತಪ್ಪುತ್ತೆ ಎಂದಿದ್ದ. ಅವಳು ನಿಂತ ನಿಲುವಿನಲ್ಲೇ ನಕ್ಷೆಯ ಅಂಚಿಗೆ ಪೆನ್ಸಿಲಿನಲ್ಲಿ 'ಮೂವತ್ತೆರಡು' ಎಂದು ಬರೆದು ಸಹಿ ಹಾಕಿದ್ದಳು. ಭಾರವೇ ಹೆಚ್ಚದಿದ್ದಾಗ ಮತ್ತೆ ಲೆಕ್ಕ ಹಾಕುವುದೇನಿದೆ ಅನ್ನಿಸಿತ್ತು.

"ದೋದೊ, ಎರಡು ಕಾರ್ಬನ್ ಹಾಳೆ ಕೊಡು," ಎಂದು ಟೈಪಿಸ್ಟನ್ನು ಕೇಳಿದಳು.

"ಯಾವ ಪತ್ರಕ್ಕೆ?"

"ಪತ್ರಕ್ಕಲ್ಲ, ಚಕ್ರಕ್ಕೆ."

ಊಟದ ಬಿಡುವಿನಲ್ಲಿ ಡಬ್ಬಿ ಕೆಳಗಿನ ಸ್ಟೇಷನ್ನಿನಲ್ಲಿ ನಿಂತಿತ್ತು. ಲಮಾರಾ ಏಣಿ ಹತ್ತಿ, ಹಗ್ಗಕ್ಕೆ ಬಿಳಿ ಹಾಳೆ ಸುತ್ತಿ, ಅದರ ಮೇಲೆ ಕಾರ್ಬನ್ ಹಾಳೆ ಸುತ್ತಿದಳು. ಡಬ್ಬಿಯ ಒಂದು ಬದಿಯನ್ನು ಜಾಕಿನಿಂದ ಎತ್ತಿ, ಚಕ್ರವನ್ನು ನೇರವಾಗಿ ಹಾಳೆಯ ಮೇಲೆ ಇಳಿಸಿ, ಮತ್ತೆ ಎತ್ತಿಸಿದಳು. ಆಮೇಲೆ ಗುಜರಿಯ ರಾಶಿಯಿಂದ ಹಳೆಯ ಚಕ್ರವೊಂದನ್ನು ಗೆರಾಸಿಮೆ ಉರುಳಿಸಿಕೊಂಡು ಬಂದ. ಅದನ್ನು ಜೋಡಿಸಿ ಇನ್ನೊಂದು ಹಾಳೆಯ ಮೇಲೆ ಅದೇ ಭಾರ ಇಳಿಸಿದರು.

ಬೊಂದೊ ಅಜ್ಜನೂ ಸೇರಿ ಮೂವರೂ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡು ಹಾಳೆಗಳನ್ನು ಬಿಡಿಸಿದರು. ಹಳೆಯ ಚಕ್ರ ಬಿಟ್ಟ ಗುರುತು ಉದ್ದವಾದ ದೊಡ್ಡ ಬೀನ್ಸ್ ಬೀಜದ ಹಾಗಿತ್ತು. ಹೊಸ ಚಕ್ರದ್ದು ಒಂದು ಮಸೂರ ಬೇಳೆ.

"ಇಷ್ಟೇನಾ?" ಅಂದ ಗೆರಾಸಿಮೆ. "ಹದಿನಾಲ್ಕು ಜನ, ಅವರ ಬುತ್ತಿ, ಬೂಟು, ಡಬ್ಬಿ, ಅದರಲ್ಲಿ ಕಾಲು ಪಾಲು ಇಷ್ಟ್ರ ಮೇಲಾ?"

"ಇಷ್ಟರ ಮೇಲೇ. ಪ್ರತಿ ಚಕ್ರಕ್ಕೂ."

"ಆದ್ರೆ ಹಗ್ಗದ ಮೇಲೆ ಒಂದು ಗೀರೂ ಕಾಣಲ್ವಲ್ಲ!"

"ಕಾಣಲ್ಲ. ಉಕ್ಕು ಅಂದ್ರೆ ಹಾಗೇ ಗೆರಾಸಿಮೆ. ಒತ್ತಿದ್ರೆ ತಗ್ಗುತ್ತೆ, ಬಿಟ್ರೆ ಏಳುತ್ತೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮುಖ ಮಾಡ್ಕೊಂಡಿರುತ್ತೆ. ದಿನಕ್ಕೆ ಇನ್ನೂರು ಸಲ, ಎರಡು ವರ್ಷ. ಬಿರುಕು ಹುಟ್ಟೋದು ಚರ್ಮದ ಕೆಳಗೆ."

ಬೊಂದೊ ಅಜ್ಜ ತಲೆಯ ಮೇಲಿನ ಉಣ್ಣೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಈಗೇನ್ಮಾಡ್ತೀಯ ಮಗಳೇ?"

"ನಿಲ್ಲಿಸ್ತೀನಿ."

ರೋಪ್‌ವೇ ಮುಖ್ಯಸ್ಥ ಅವ್ತಾಂದಿಲ್ ರುಖಾದ್ಜೆ ಕೆಟ್ಟ ಮನುಷ್ಯನೇನಲ್ಲ. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುವವನು. ಆದರೆ ಬಾವುಟದ ಮಾತು ಬಂದ ಮೇಲೆ ಅವನಿಗೆ ಬೇರೇನೂ ಕಿವಿಗೆ ಬೀಳುತ್ತಿರಲಿಲ್ಲ. ಎರಡೂ ಹಾಳೆಗಳನ್ನು ನೋಡಿ, ಬೆರಳಿನಿಂದ ತಳ್ಳಿದ.

"ಲಮಾರಾ, ನಿನಗೆ ತಲೆ ನೆಟ್ಟಗಿದೆಯಾ? ನಿನ್ನದೇ ಚಕ್ರ!"

"ನನ್ನದೇ ಅಂತಲೇ ಹೇಳ್ತಿದೀನಿ, ಬತೊನೊ ಅವ್ತಾಂದಿಲ್," ಅಂದಳು ಲಮಾರಾ, ದೊಡ್ಡವರಿಗೆ ಹೇಳುವ ಗೌರವದ 'ಬತೊನೊ' ಬಿಡದೆ.

"ಭಾರ ಹೆಚ್ಚಿಲ್ಲ ಅಂತ ನೀನೇ ಬರೆದುಕೊಟ್ಟಿದ್ದೀಯ. ನೂರು ಟನ್ ತಡೆಯೋ ಹಗ್ಗ!"

"ಎಳೆದ್ರೆ ತಡೆಯುತ್ತೆ. ಚುಚ್ಚಿದ್ರೆ ತಡೆಯಲ್ಲ."

"ಸರಿ ಮಾರಾಯ್ತಿ, ಬದಲಾಯಿಸೋಣ. ನವೆಂಬರ್‌ನ ಕ್ರಾಂತಿ ಹಬ್ಬ ಮುಗೀಲಿ. ಶುಕ್ರವಾರ ಅವರು ಬಂದು ಹೋಗ್ಲಿ. ಎರಡು ವರ್ಷ ನಡೆದದ್ದು ಐದು ವಾರ ನಡೆಯಲ್ವಾ?"

"ನಡೀಬಹುದು. ನಾಳೆ ಬೆಳಿಗ್ಗೆ ಬೀಳಲೂಬಹುದು. ಯಾವುದು ಅಂತ ನಂಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದೆ ಜನರನ್ನ ಕೂರಿಸೋಕೆ ನಾನು ಒಪ್ಪಲ್ಲ."

"ನಿನ್ನ ಒಪ್ಪಿಗೆ ಯಾರು ಕೇಳಿದ್ರು?"

ಲಮಾರಾ ಅಲ್ಲಿಂದ ನೇರ ಯಂತ್ರದ ಕೋಣೆಗೆ ಹೋಗಿ ದಿನಚರಿ ಪುಸ್ತಕದಲ್ಲಿ ಬರೆದಳು: 'ಜನರ ಸಾಗಣೆ ನಿಲ್ಲಿಸಿದೆ. ಕಾರಣ: ಚಕ್ರದ ತೋಡು ಹಗ್ಗಕ್ಕೆ ಹೊಂದುತ್ತಿಲ್ಲ.' ಕೆಳಗೆ ಸಹಿ. ಅವ್ತಾಂದಿಲ್ ಹಿಂದೆಯೇ ಬಂದು ಆ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡ.

"ಬೆಳಿಗ್ಗೆ ಆರಕ್ಕೆ ಡಬ್ಬಿ ಹೋಗುತ್ತೆ," ಅಂದ. "ನಿನಗೆ ಎರಡು ದಿನ ರಜೆ. ಮನೇಲಿ ಮಲಗು."

ಅವಳು ಮಲಗಲಿಲ್ಲ. ಬೆಳಿಗ್ಗೆ ಐದೂವರೆಗೆ ಕೆಳಗಿನ ಸ್ಟೇಷನ್ನಿನ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅದಿರು ಆರಿಸುವ ಹೆಂಗಸರು ಬರತೊಡಗಿದರು. ತಲೆಗೆ ವಸ್ತ್ರ, ಕಾಲಿಗೆ ರಬ್ಬರ್ ಬೂಟು, ಕೈಚೀಲದಲ್ಲಿ ಮುಸುಕಿನಜೋಳದ ರೊಟ್ಟಿ ಮತ್ತು ಚೀಸು. ಎಲ್ಲರಿಗಿಂತ ಮುಂದೆ ಕೆತೊ. ಐವತ್ತು ದಾಟಿದ ದಪ್ಪ ಹೆಂಗಸು, ಲಮಾರಾಳ ತಾಯಿಯ ಜೊತೆ ಇಪ್ಪತ್ತು ವರ್ಷ ಅದಿರು ಆರಿಸಿದವಳು.

"ಪಕ್ಕಕ್ಕೆ ಸರಿಯೇ ಹುಡುಗಿ, ಮಂಡಿಗೆ ಚಳಿ ಹಿಡೀತಿದೆ."

"ಕೆತೊ ಅತ್ತೆ, ಡಬ್ಬಿ ಹತ್ತಬೇಡಿ. ಚಕ್ರ ಸರಿಯಿಲ್ಲ."

"ಯಾವ ಚಕ್ರ? ನಿನ್ನ ಫೋಟೋ ಹಾಕಿದ್ದಾರಲ್ಲ, ಆ ಚಕ್ರವಾ?"

ಹಿಂದಿನವರು ಗೊಳ್ಳೆಂದು ನಕ್ಕರು. ಲಮಾರಾಳ ಮುಖ ಕೆಂಪಾಯಿತು. ಆದರೂ ಕದಲಲಿಲ್ಲ.

"ಅದೇ ಚಕ್ರ. ಮಾಡಿದ್ದು ನಾನು. ತಪ್ಪಾಗಿ ಮಾಡಿದೆ."

ನಗು ತಟ್ಟನೆ ನಿಂತಿತು. ಕ್ವಾರೆತಿಯಲ್ಲಿ ಕಚೇರಿಯ ಯಾರೊಬ್ಬರೂ ಅಂಥ ಮಾತು ಆಡಿದ್ದನ್ನು ಆ ಹೆಂಗಸರು ಕೇಳಿರಲಿಲ್ಲ. ಅವಳು ಎರಡು ಹಾಳೆಗಳನ್ನೂ ಎತ್ತಿ ತೋರಿಸಿದಳು. ಹಿಂದಿನಿಂದ ಒಬ್ಬಳು, "ಮಸಿ ಬೊಟ್ಟು ಕಣೇ, ಇದರಲ್ಲೇನಿದೆ?" ಅಂದಳು.

ಅಷ್ಟು ಹೊತ್ತಿಗೆ ದೋದೊ ಬಂದಿದ್ದಳು. ಬೆಳಿಗ್ಗೆ ಆರು ಗಂಟೆಗೂ ಎತ್ತರದ ಚೂಪು ಹಿಮ್ಮಡಿಯ ಚಪ್ಪಲಿ ಹಾಕಿಕೊಂಡೇ ಬಂದಿದ್ದಳು. ಲಮಾರಾಳ ಕಣ್ಣು ಅದರ ಮೇಲೆ ಬಿತ್ತು.

"ಅತ್ತೆ, ಕುಣಿಯುವಾಗ ನಿಮ್ಮ ಯಜಮಾನರು ಬೂಟುಗಾಲಲ್ಲಿ ನಿಮ್ಮ ಕಾಲು ತುಳಿದ್ರೆ ಏನಾಗುತ್ತೆ?"

"ಏನಾಗುತ್ತೆ? ಬೈತೀನಿ."

"ಅವರ ಅರ್ಧ ತೂಕವೂ ದೋದೊಗಿಲ್ಲ. ಅವಳು ಈ ಹಿಮ್ಮಡೀಲಿ ತುಳಿದ್ರೆ?"

ಕೆತೊ ದೋದೊಳ ಕಾಲನ್ನು ನೋಡಿದಳು. "ಮೂಳೆ ತೂತಾಗುತ್ತೆ."

"ಹಾಂ. ಹಗ್ಗಕ್ಕೂ ಅಷ್ಟೇ. ಮೊದಲು ಬೂಟು ತುಳೀತಿತ್ತು. ನಾನು ಎರಡು ವರ್ಷದಿಂದ ಹಿಮ್ಮಡಿ ಹಾಕಿ ಕುಣಿಸ್ತಿದೀನಿ."

ಬೊಂದೊ ಅಜ್ಜ ಮುಂದೆ ಬಂದು ಮುರಿದ ತಂತಿಯನ್ನು ಕೆತೊಳ ಅಂಗೈಯಲ್ಲಿಟ್ಟ. ಅವಳು ಅದನ್ನು ತಿರುಗಿಸಿ ನೋಡಿ ಪಕ್ಕದವಳಿಗೆ ಕೊಟ್ಟಳು. ತಂತಿ ಕೈಯಿಂದ ಕೈಗೆ ಸಾಗಿತು.

ಅವ್ತಾಂದಿಲ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಓಡಿಬಂದ. "ಏನ್ರೀ ಇದು ಜಾತ್ರೆ? ಲಮಾರಾ, ಗೇಟು ಬಿಡು! ಕೆತೊ, ಹತ್ತಮ್ಮಾ, ಪಾಳಿ ತಡವಾಗುತ್ತೆ."

"ನೀವು ಹತ್ತಿ ಬತೊನೊ," ಅಂದಳು ಕೆತೊ. "ಹದಿನಾಲ್ಕು ಜನರ ಜಾಗ ಇದೆ. ಹೆಂಡ್ತಿ, ಸೊಸೆ, ಅಳಿಯ ಎಲ್ಲರನ್ನೂ ಕರ್ಕೊಂಡು ಹತ್ತಿ. ಮೇಲೆ ಹೋಗಿ ಕೈ ಬೀಸಿ, ಆಮೇಲೆ ನಾವು ಬರ್ತೀವಿ."

ಅವನು ಡಬ್ಬಿಯ ಕಡೆ ನೋಡಿದ. ಒಂದು ಕ್ಷಣ ಹೆಚ್ಚೇ ನೋಡಿದ. ಅಷ್ಟು ಸಾಕಾಯಿತು. ಕೆತೊ ಕೈಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲ ಕಡೆ ತಿರುಗಿದಳು. ಅವಳ ಹಿಂದೆ ಮೂವತ್ತು ಹೆಂಗಸರು. ಏಳುನೂರು ಮೆಟ್ಟಿಲು ಹತ್ತುವಷ್ಟು ಹೊತ್ತೂ ಅವರು ಲಮಾರಾಳನ್ನು, ಅವಳ ಚಕ್ರವನ್ನು, ಅವಳನ್ನು ಓದಿಸಿದವರನ್ನು ಬಾಯಿತುಂಬ ಬೈಯುತ್ತಲೇ ಇದ್ದರು. ಆದರೆ ಆ ದಿನವೂ ಮರುದಿನವೂ ಒಬ್ಬರಾದರೂ ಡಬ್ಬಿಗೆ ಕಾಲಿಡಲಿಲ್ಲ. ಗಣಿಯ ಗಂಡಸರೂ ಒಬ್ಬೊಬ್ಬರಾಗಿ ಮೆಟ್ಟಿಲು ಹಿಡಿದರು. ಲಮಾರಾ ಎರಡೂ ದಿನ ಅವರ ಜೊತೆ ಹತ್ತಿದಳು, ಇಳಿದಳು.

ಶುಕ್ರವಾರ ಬಾವುಟ ತರಬೇಕಿದ್ದ ಮೂವರು, ಜನ ಡಬ್ಬಿ ಬಿಟ್ಟ ಸುದ್ದಿ ಕೇಳಿ, ಬಾವುಟದ ಬದಲು ವಿಚಾರಣೆಗೆ ಕೂತರು. ಅವರಲ್ಲಿ ಹಗ್ಗ ಬಲ್ಲವನೊಬ್ಬನಿದ್ದ. ಕೆಳಗಿನ ಸ್ಟೇಷನ್ನಿನ ಬಳಿಯ ಆ ಗೇಣುದ್ದವನ್ನು ಅವನು ಕತ್ತರಿಸಿ ತರಿಸಿ, ಮೇಜಿನ ಮೇಲೆ ಎಳೆ ಎಳೆಯಾಗಿ ಬಿಚ್ಚಿಸಿದ. ಹೊರಗಿನ ಸುತ್ತಿನಲ್ಲಿ ಮೂರಲ್ಲ, ಹನ್ನೊಂದು ತಂತಿಗಳು ತುಂಡಾಗಿದ್ದವು. ಎಂಟು ತಂತಿಗಳ ತುದಿಗಳು ಪಕ್ಕದ ತಂತಿಗಳ ಬಿಗಿಯಲ್ಲಿ ಅಲ್ಲೇ ಕೂತಿದ್ದರಿಂದ ಯಾರ ಕೈಗೂ ಸಿಕ್ಕಿರಲಿಲ್ಲ. ಅವನು ಎಣಿಸಿ ಮುಗಿಸಿದ ಮೇಲೆ ಕೋಣೆಯಲ್ಲಿ ಯಾರೂ ಸಿಗರೇಟು ಹಚ್ಚಲಿಲ್ಲ.

ವಿಚಾರಣೆಗೆ ಅರ್ಧ ಗಂಟೆ ಮೊದಲು ಅವ್ತಾಂದಿಲ್ ಲಮಾರಾಳನ್ನು ಕಾರಿಡಾರಿನಲ್ಲಿ ಪಕ್ಕಕ್ಕೆ ಕರೆದಿದ್ದ. ದನಿ ಮೆತ್ತಗಾಗಿತ್ತು.

"ನೀನು ಗೆದ್ದೆ ಬಿಡು. ನಿನಗೇನೂ ಆಗದ ಹಾಗೆ ನೋಡ್ಕೋತೀನಿ. ಕಡತದಲ್ಲಿರೋ ನಕ್ಷೇಲಿ ಇಪ್ಪತ್ತನಾಲ್ಕು ಅಂತಲೇ ಇದೆ."

"ನಾನು ಪೆನ್ಸಿಲ್ಲಲ್ಲಿ ಬರೆದಿದ್ದು?"

"ಯಾವ ಪೆನ್ಸಿಲ್ಲು? ಅಂಥದ್ದೇನೂ ಇಲ್ಲ. ಗೆರಾಸಿಮೆ ನಕ್ಷೆ ಬಿಟ್ಟು ತನಗೆ ತೋಚಿದ ಹಾಗೆ ತೋಡು ಕೊರೆದ. ಕುಡಿಯೋ ಮನುಷ್ಯ, ಎಲ್ಲರಿಗೂ ಗೊತ್ತು. ನೀನು ಏನೂ ಸುಳ್ಳು ಹೇಳಬೇಕಾಗಿಲ್ಲ. ಸುಮ್ಮನೆ ಕೂತ್ಕೋ, ಅಷ್ಟೆ."

ಅವಳಿಗೆ ಆಗ ಬಂದಷ್ಟು ಸಿಟ್ಟು ಆ ವಾರದಲ್ಲಿ ಬಂದಿರಲಿಲ್ಲ. ಸಿಟ್ಟಿನ ಒಳಗೆ ಒಂದು ಆಸೆಯೂ ಇತ್ತು, ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಸುಮ್ಮನೆ ಕೂರುವುದು ಎಷ್ಟು ಸುಲಭ! ತ್ಬಿಲಿಸಿಯ ಪದವಿಯಿಂದ ಬಂದ ಹುದ್ದೆ, ಹುದ್ದೆಯ ಜೊತೆ ಸಿಕ್ಕ ಮೂರನೆಯ ಮಹಡಿಯ ಮನೆ, ಎಲ್ಲ ಹಾಗೇ ಉಳಿಯುತ್ತದೆ. ಗೆರಾಸಿಮೆ ನಿಜವಾಗಿಯೂ ಕುಡಿಯುತ್ತಿದ್ದ.

ಒಳಗೆ ಸಮಿತಿಯ ಅಧ್ಯಕ್ಷ ಗೆರಾಸಿಮೆಯನ್ನು ನಿಲ್ಲಿಸಿ ಕೇಳುತ್ತಿದ್ದ. ಗೆರಾಸಿಮೆ ಟೋಪಿಯನ್ನು ಕೈಯಲ್ಲಿ ಹಿಂಡುತ್ತ, "ಅಳತೆ ಕೊಟ್ಟಿದ್ರು ಸ್ವಾಮೀ, ಕೊಟ್ಟ ಅಳತೆಗೇ ಕೊರೆದೆ," ಅನ್ನುತ್ತಿದ್ದ. ಯಾರು ಕೊಟ್ಟರೆಂದು ಕೇಳಿದರೆ ನೆಲ ನೋಡುತ್ತಿದ್ದ. ಬೇಕೆಂದೇ ಮಾಡಿದ ಹಾನಿ ಎನ್ನುವ ಮಾತನ್ನು ಅಧ್ಯಕ್ಷ ಒಮ್ಮೆ ಆಗಲೇ ಆಡಿದ್ದ. ಆ ಮಾತು ಒಬ್ಬನ ಮೈಗೆ ಅಂಟಿದರೆ ಅವನ ಮಕ್ಕಳಿಗೂ ಬಿಡುತ್ತಿರಲಿಲ್ಲ.

ಲಮಾರಾ ಎದ್ದು ನಿಂತಳು. "ಅಳತೆ ಕೊಟ್ಟವಳು ನಾನು."

"ಕಡತದಲ್ಲಿ ಹಾಗಿಲ್ಲವಲ್ಲ," ಅಂದ ಅಧ್ಯಕ್ಷ.

"ಕಡತದಲ್ಲಿ ಇಲ್ಲ ಅಂದ್ರೆ ಯಾರೋ ಬೇರೆ ನಕ್ಷೆ ಇಟ್ಟಿದ್ದಾರೆ. ಮೂವತ್ತೆರಡು ಅಂತ ಬರೆದದ್ದು ನಾನು, ಸಹಿ ಹಾಕಿದ್ದು ನಾನು."

"ಸಾಕ್ಷಿ?"

"ಸಾಕ್ಷಿ ಬೇಕಾ? ಒಂದು ಹಾಳೆ ಕೊಡಿ."

ಕೊಡುವವರೆಗೆ ಕಾಯಲಿಲ್ಲ. ದೋದೊ ನಡಾವಳಿ ಬರೆಯುತ್ತಿದ್ದ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ಚಕ್ರದ ಅಂಚನ್ನು ನಾಲ್ಕು ಗೆರೆಗಳಲ್ಲಿ ಎಳೆದು, ಪಕ್ಕದಲ್ಲಿ ಮೂವತ್ತೆರಡು ಎಂದು ಬರೆದು ಸಹಿ ಹಾಕಿದಳು. ಈ ಸಲ ಶಾಯಿಯಲ್ಲಿ.

"ಈಗ ಕಡತದಲ್ಲಿದೆ," ಅಂದಳು. "ಇದನ್ನ ಅಳಿಸೋಕಾಗಲ್ಲ. ಹರಿದ್ರೆ ಇನ್ನೊಂದು ಬರೀತೀನಿ. ನೀವು ತ್ಬಿಲಿಸಿಗೆ ಹೋದ್ರೆ ಅಲ್ಲಿಗೂ ಅಂಚೆಯಲ್ಲಿ ಕಳಿಸ್ತೀನಿ."

"ಹುಡುಗಿ," ಅಂದ ಅಧ್ಯಕ್ಷ, ಕನ್ನಡಕ ತೆಗೆದು, "ಇದರ ಪರಿಣಾಮ ಏನು ಅಂತ ಯೋಚಿಸಿದ್ದೀಯಾ?"

"ಯೋಚಿಸದೆ ಒಂದು ಸಲ ಬರೆದಿದ್ದೆ. ಅದರ ಪರಿಣಾಮ ನಿಮ್ಮ ಮೇಜಿನ ಮೇಲಿದೆ, ಹನ್ನೊಂದು ತುಂಡು."

ಹಗ್ಗ ಬಲ್ಲವನು ಕೆಮ್ಮಿದ. ನಕ್ಕದ್ದನ್ನು ಕೆಮ್ಮಾಗಿ ಮಾಡಿಕೊಂಡ ಹಾಗಿತ್ತು.

ತೀರ್ಪು ಎಂಟು ದಿನದಲ್ಲಿ ಬಂತು. ಗೆರಾಸಿಮೆ ನಿರ್ದೋಷಿ. ಹಳೆಯ ಚಕ್ರಗಳನ್ನು ಹಾಕಬೇಕು, ಹಗ್ಗದ ಆ ಭಾಗ ಬದಲಾಗಬೇಕು. ಲಮಾರಾ ಬಕ್ರಾದ್ಜೆಯನ್ನು ಎಂಜಿನಿಯರ್ ಹುದ್ದೆಯಿಂದ ಇಳಿಸಿ, ವರ್ಕ್‌ಶಾಪಿನಲ್ಲಿ ಅಳತೆ ಪರೀಕ್ಷಿಸುವ ಕೆಲಸಕ್ಕೆ ಹಾಕಿದ್ದರು. ಗೋಡೆಯಲ್ಲಿ ಅವಳ ಫೋಟೋ ಇದ್ದ ಕಡೆ ಬಣ್ಣ ಮಾಸದ ಒಂದು ಚೌಕ ಉಳಿಯಿತು. ಅವ್ತಾಂದಿಲ್‌ಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅಷ್ಟೇ. ನಕ್ಷೆ ಬದಲಾಯಿಸಿದವರು ಯಾರೆಂದು ಯಾರೂ ಕೇಳಲಿಲ್ಲ.

ವರ್ಕ್‌ಶಾಪಿಗೆ ಅವಳು ಬಂದ ಮೊದಲ ದಿನ ಗೆರಾಸಿಮೆ ಲೇತ್ ನಿಲ್ಲಿಸಿ ಅವಳತ್ತ ಉರಿದು ನೋಡಿದ. "ಯಾರು ಕೇಳಿದ್ರು ನಿನ್ನ? ನನಗೆ ಅರವತ್ತು. ಹೆಚ್ಚಂದ್ರೆ ಏನು ಮಾಡ್ತಿದ್ರು? ನಿನ್ನ ಓದೆಲ್ಲ ಹಾಳಾಯ್ತು."

"ಓದು ಎಲ್ಲಿ ಹೋಗುತ್ತೆ? ತಲೇಲೇ ಇದೆ."

"ಹುಚ್ಚಿ," ಅಂದ ಅವನು. ಮಧ್ಯಾಹ್ನ ತನ್ನ ಬುತ್ತಿಯ ಅರ್ಧವನ್ನು ಮಾತಿಲ್ಲದೆ ಅವಳ ಮುಂದೆ ಸರಿಸಿದ.

ಮರುವರ್ಷ ಏಪ್ರಿಲ್‌ನಲ್ಲಿ ಹೊಳೆಯಾಚೆಯ ಲೈನಿಗೆ ಹನ್ನೆರಡು ಹೊಸ ಚಕ್ರಗಳು ತಯಾರಾದವು. ಮೇ ಒಂದರ ಕಾರ್ಮಿಕರ ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಅವ್ತಾಂದಿಲ್ ತಾನೇ ವರ್ಕ್‌ಶಾಪಿಗೆ ಇಳಿದುಬಂದ. ಲಮಾರಾ ಒಂದೊಂದೇ ಚಕ್ರದ ತೋಡಿಗೆ ಅಳತೆಯ ತಗಡು ಇಟ್ಟು, ಹಿಂದಿನಿಂದ ದೀಪ ಹಿಡಿದು, ಎಲ್ಲಿ ಬೆಳಕು ನುಸುಳುತ್ತದೆ ಎಂದು ನೋಡುತ್ತಿದ್ದಳು. ಒಂಬತ್ತಕ್ಕೆ ಮುದ್ರೆ ಒತ್ತಿದಳು. ಮೂರನ್ನು ಪಕ್ಕಕ್ಕೆ ಉರುಳಿಸಿದಳು.

"ಇವಕ್ಕೇನಾಯ್ತು?"

"ಬಾಗು ಕೂತಿಲ್ಲ. ಕೂದಲೆಳೆಯಷ್ಟು ಬೆಳಕು ಬರ್ತಿದೆ."

"ಕೂದಲೆಳೆ! ನಾಡಿದ್ದು ಲೈನ್ ತೆರೀಬೇಕು ಲಮಾರಾ. ಒತ್ತು ಮುದ್ರೆ."

"ಒತ್ತಲ್ಲ."

"ನೀನೀಗ ಎಂಜಿನಿಯರ್ ಅಲ್ಲ, ನೆನಪಿದೆಯಾ? ಇದಕ್ಕಿಂತ ಕೆಳಗೆ ಇನ್ನೊಂದು ಮೆಟ್ಟಿಲಿದೆ."

"ಗೊತ್ತು. ಅಲ್ಲಿಗೆ ಇಳಿಸಿ. ಮುದ್ರೆ ಅಲ್ಲಿಗೆ ಬರಲ್ಲ, ಇಲ್ಲೇ ಇರುತ್ತೆ. ಬೇಕಿದ್ರೆ ನೀವೇ ಒತ್ಕೊಳ್ಳಿ, ಕೆಳಗೆ ನಿಮ್ಮ ಹೆಸರು ಬರೆದು."

ಅವಳು ಮುದ್ರೆಯನ್ನು ಅವನ ಮುಂದೆ ಮೇಜಿನ ಮೇಲಿಟ್ಟಳು. ಲೇತುಗಳು ಒಂದೊಂದಾಗಿ ನಿಂತವು. ಕೆಲಸಗಾರರು ಇತ್ತ ತಿರುಗಿ ನೋಡುತ್ತಿದ್ದರು. ಅವ್ತಾಂದಿಲ್ ಮುದ್ರೆಯನ್ನು ಕೈಗೆತ್ತಿಕೊಂಡ, ತೂಕ ನೋಡುವವನ ಹಾಗೆ ಹಿಡಿದಿದ್ದ, ಮತ್ತೆ ಅಲ್ಲೇ ಇಟ್ಟ.

"ಎಷ್ಟು ಹೊತ್ತು ಬೇಕು?" ಎಂದು ಗೆರಾಸಿಮೆಯನ್ನು ಕೇಳಿದ.

"ನಾಳೆ ಸಂಜೆ."

"ಮಾಡು," ಅಂದು ಮುಖ್ಯಸ್ಥ ಬಾಗಿಲ ಕಡೆ ನಡೆದ. ಲಮಾರಾ ಆ ಮೂರರಲ್ಲಿ ಮೊದಲನೆಯ ಚಕ್ರವನ್ನು ಗೆರಾಸಿಮೆಯ ಲೇತಿನ ಕಡೆಗೆ ಉರುಳಿಸತೊಡಗಿದಳು.